ಕೂಲರ್ ನಿಂತ ಮೇಲೆ ಕೇಳಿಸುವ ಸದ್ದು

ನಾಗಪುರದ ಕೂಲರ್ ಎಂದರೆ ಬೆಂಗಳೂರಿನ ಅಂಗಡಿಗಳಲ್ಲಿ ಗಾಜಿನ ಹಿಂದೆ ನಿಂತಿರುವ ಬಿಳಿ ಪ್ಲಾಸ್ಟಿಕ್ಕಿನ ಸಾಧು ವಸ್ತು ಎಂದುಕೊಳ್ಳಬೇಡಿ. ಇಲ್ಲಿನದು ಕಿಟಕಿಯ ಹೊರಗೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂತ ದೊಡ್ಡ ತಗಡಿನ ಡಬ್ಬ. ಮೂರು ಮಗ್ಗುಲಿಗೆ ಹುಲ್ಲಿನ ಇಲ್ಲವೇ ಲಾವಂಚದ ತಟ್ಟಿ, ತಳದಲ್ಲಿ ನೀರು, ನೀರಿನಲ್ಲಿ ಮುಳುಗಿದ ಪುಟ್ಟ ಪಂಪು, ಎದುರಿಗೆ ಹಳೇ ವಿಮಾನದಿಂದ ಕಿತ್ತು ತಂದಂಥ ಫ್ಯಾನು. ಏಪ್ರಿಲ್‌ನಿಂದ ಜೂನ್ ನಡುವಿನವರೆಗೆ ಇಡೀ ಊರು ಅದರ ಭೋರ್ಗರೆತದಲ್ಲೇ ಉಣ್ಣುತ್ತದೆ, ಮಲಗುತ್ತದೆ, ಜಗಳ ಆಡುತ್ತದೆ. 2013ರ ಮೇ 23ರಂದು ಇಲ್ಲಿ 47.9 ಡಿಗ್ರಿ ದಾಖಲಾಗಿತ್ತು. ಇಂಥ ಊರಿನಲ್ಲಿ ಬೇಸಿಗೆಯ ಸದ್ದಿನ ಬಗ್ಗೆ ಯಾರೂ ಚಕಾರ ಎತ್ತುವುದಿಲ್ಲ.

ಆಮೇಲೆ ಜೂನ್‌ನಲ್ಲಿ ಒಂದು ಸಂಜೆ ಮಳೆ ಬರುತ್ತದೆ. ಹವೆಯಲ್ಲಿ ತೇವ ತುಂಬಿದ ಮೇಲೆ ಕೂಲರ್ ಇದ್ದೂ ಇಲ್ಲದಂತೆ, ಬಂದ್ ಮಾಡುತ್ತೇವೆ. ಆ ರಾತ್ರಿ ಎರಡು ತಿಂಗಳ ನಂತರ ಮನೆ ಸುಮ್ಮನಾಗುತ್ತದೆ, ಹಾಲ್‌ನಲ್ಲಿರುವ ಅಕ್ವೇರಿಯಮ್ಮಿನ ಕೆಳಗಿನ ಕಪಾಟಿನಿಂದ ಗರಗರ ಶುರುವಾಗುತ್ತದೆ. ಮರುದಿನ ಬೆಳಿಗ್ಗೆಯೇ ನನಗೆ ಫೋನು: "ಸರ, ನಮ್ಮ ಫಿಲ್ಟರ್ ಕೆಟ್ಟೈತ್ರಿ. ನಿನ್ನೆ ರಾತ್ರಿಯಿಂದ ಭಾಳ ಸದ್ದು ಮಾಡಾಕತ್ತೈತಿ." ನಿನ್ನೆಯದಲ್ಲ ಆ ಸದ್ದು, ಏಪ್ರಿಲ್‌ನಿಂದಲೂ ಇತ್ತು. ಕೇಳಿಸಿದ್ದು ಮಾತ್ರ ನಿನ್ನೆ.

ರೈಲ್ವೆ, ಬ್ಯಾಂಕು, ಕಲ್ಲಿದ್ದಲು ಕಂಪನಿ, ಮಿಹಾನ್‌ನ ಐಟಿ ಕಚೇರಿಗಳು ಅಂತ ಇಲ್ಲಿಗೆ ಬಂದು ನೆಲೆಸಿರುವ ನಮ್ಮವರಲ್ಲಿ ಮೀನು ಸಾಕುವ ಏಳೆಂಟು ಮನೆಗಳಿವೆ. ಧಾರವಾಡದಲ್ಲಿದ್ದಾಗಿನಿಂದ ನನಗೆ ಈ ಹುಚ್ಚು ಇರುವುದರಿಂದ ಅವರೆಲ್ಲ ನನಗೆ ಮೀನಿನ ಡಾಕ್ಟರ್ ಎಂಬ ಬಿರುದು ಕೊಟ್ಟಿದ್ದಾರೆ. ಮೀನಿನ ನಿಜವಾದ ಡಾಕ್ಟರುಗಳು ತೇಲಂಗಖೇಡಿಯ ಮೀನುಗಾರಿಕೆ ಕಾಲೇಜಿನಲ್ಲಿದ್ದಾರೆ, ನಾನು ಹೆಚ್ಚೆಂದರೆ ಕಾಂಪೌಂಡರ್.

ನಾಲ್ಕು ವರ್ಷದ ಹಿಂದೆ ಹೀಗೇ ಮೊದಲ ಮಳೆ ಬಿದ್ದ ವಾರ ಮನೀಷ್ ನಗರದ ಗೆಳೆಯರೊಬ್ಬರು ತಮ್ಮ ಕ್ಯಾನಿಸ್ಟರ್ ಫಿಲ್ಟರಿನ ಸದ್ದು ತಾಳದೆ ರಾತ್ರಿ ಹತ್ತಕ್ಕೆ ಸ್ವಿಚ್ ಆರಿಸಿ, ಬೆಳಿಗ್ಗೆ ಆರಕ್ಕೆ ಹಾಕುವ ಪದ್ಧತಿ ಮಾಡಿಕೊಂಡರು. ಮನೆಯಲ್ಲಿ ಚಿಕ್ಕ ಮಗು, ಅದಕ್ಕೆ ನಿದ್ದೆ ಬೇಕು. ಅವರ ಕಷ್ಟ ಅರ್ಥವಾಗುವಂಥದ್ದೇ. ನಾಲ್ಕನೇ ದಿನ ಬೆಳಿಗ್ಗೆ ಎರಡು ಏಂಜೆಲ್ ಮೀನು, ಟೆಟ್ರಾಗಳ ಇಡೀ ಗುಂಪು ಸತ್ತು ತೇಲುತ್ತಿತ್ತು. ಗೌರಾಮಿಗಳು ಮಾತ್ರ ಏನೂ ಆಗದಂತೆ ಮೇಲೆ ಬಂದು ಬಾಯಿ ಆಡಿಸುತ್ತಿದ್ದವು. ಮಗುವಿನ ಅಕ್ಕ, ಎರಡನೇ ಕ್ಲಾಸಿನ ಹುಡುಗಿ, ಆ ಏಂಜೆಲ್‌ಗಳಿಗೆ ಹೆಸರಿಟ್ಟಿದ್ದಳು. ನಾನು ಹೋದಾಗ ಅವಳು ತೊಟ್ಟಿಯ ಕಡೆ ಬೆನ್ನು ಮಾಡಿ ಕೂತಿದ್ದಳು.

ಯಾಕೆ ಹೀಗಾಯಿತು ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ, ರಿಪೇರಿಯ ಮಾತು ಆಮೇಲೆ. ಕ್ಯಾನಿಸ್ಟರ್ ಫಿಲ್ಟರ್ ಎಂದರೆ ತೊಟ್ಟಿಯ ಹೊರಗೆ ಇಡುವ ಮುಚ್ಚಿದ ಡಬ್ಬ. 1960ರ ದಶಕದಲ್ಲಿ ಜರ್ಮನಿಯ ಐಹೈಮ್ ಕಂಪನಿ ಈ ಬಗೆಯದನ್ನು ಮಾರುಕಟ್ಟೆಗೆ ತಂದಿತು, ಈಗ ಚೀನಾದಿಂದ ಬರುವ ಹತ್ತಾರು ಬ್ರಾಂಡುಗಳ ಮೂಲ ರಚನೆಯೂ ಅದೇ. ಒಂದು ಪೈಪಿನಿಂದ ತೊಟ್ಟಿಯ ನೀರು ಇಳಿದು ಬಂದು ಸ್ಪಂಜು, ಸಿರಾಮಿಕ್ ಉಂಗುರಗಳ ನಡುವೆ ಹಾಯ್ದು, ಮುಚ್ಚಳದಲ್ಲಿರುವ ಪಂಪಿನ ಮೂಲಕ ಇನ್ನೊಂದು ಪೈಪಿನಲ್ಲಿ ಮೇಲಕ್ಕೆ ಹೋಗುತ್ತದೆ. ಆ ಸ್ಪಂಜು, ಉಂಗುರಗಳಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾ ವಾಸ. ಮೀನಿನ ಗಲೀಜಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವುದು ಅವುಗಳ ಕೆಲಸ. ಅವಕ್ಕೂ ಉಸಿರು ಬೇಕು. ಪಂಪು ನಿಂತರೆ ಡಬ್ಬದೊಳಗಿನ ನೀರಿನ ಆಮ್ಲಜನಕವನ್ನು ಅವೇ ತಿಂದು ಮುಗಿಸುತ್ತವೆ, ಆಮೇಲೆ ಸಾಯಲು, ಕೊಳೆಯಲು ಶುರು. ಬೆಳಿಗ್ಗೆ ಸ್ವಿಚ್ ಹಾಕಿದಾಗ ಆ ನಾತದ ನೀರು ನೇರ ಮೀನಿನ ಮೂತಿಗೆ.

ಅತ್ತ ತೊಟ್ಟಿಯೊಳಗಿನ ಕಥೆಯೂ ಚೆನ್ನಾಗಿಲ್ಲ. 25 ಡಿಗ್ರಿಯ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. 32 ಡಿಗ್ರಿಗೆ ಅದು 7.3ಕ್ಕೆ ಇಳಿಯುತ್ತದೆ. ಒಂದೇ ಮಿಲಿಗ್ರಾಂ ತಾನೇ ಅನ್ನಬೇಡಿ. ನೀರು ಬಿಸಿಯಾದಷ್ಟೂ ಮೀನಿನ ಉಸಿರಾಟ ಜೋರಾಗುತ್ತದೆ. ಸಂಬಳ ಇಳಿದ ತಿಂಗಳೇ ಖರ್ಚು ಏರಿದ ಹಾಗೆ. ರಾತ್ರಿ ಗಿಡಗಳೂ ಆಮ್ಲಜನಕ ಕೊಡುವುದು ಬಿಟ್ಟು ತಾವೇ ಬಳಸುತ್ತವೆ. ಗೌರಾಮಿ, ಫೈಟರ್ ಮೀನುಗಳಿಗೆ ಗಾಳಿಯಿಂದಲೇ ನೇರ ಉಸಿರಾಡುವ ವಿಶೇಷ ಅಂಗ ಇರುವುದರಿಂದ ಅವು ಬಚಾವಾಗುತ್ತವೆ. ಟೆಟ್ರಾಗಳಿಗೆ ಆ ಸೌಕರ್ಯ ಇಲ್ಲ.

ಇನ್ನೊಂದು ವಿಚಿತ್ರ ನೋಡಿ. ಮೇ ತಿಂಗಳ ಒಣಹವೆಯಲ್ಲಿ ತೊಟ್ಟಿಯ ನೀರು ಆವಿಯಾಗುತ್ತ ತನ್ನನ್ನು ತಾನೇ ತಂಪು ಮಾಡಿಕೊಳ್ಳುತ್ತಿರುತ್ತದೆ, ಥೇಟ್ ಕೂಲರಿನ ಹಾಗೆ. ಮೊದಲ ಮಳೆಯ ನಂತರದ ಕುದಿಯಲ್ಲಿ ಆ ಆವಿಯಾಗುವುದೇ ಕಡಿಮೆ. ಹೊರಗೆ ತಾಪಮಾನ ಇಳಿದರೂ ತೊಟ್ಟಿಯದು ಇಳಿಯುವುದಿಲ್ಲ. ಅಂದರೆ ಸದ್ದು ಕೇಳಿಸಲು ಶುರುವಾಗುವ ವಾರವೇ ಫಿಲ್ಟರ್ ಆರಿಸಲು ಅತಿ ಕೆಟ್ಟ ವಾರ. ಮುಂಬಯಿ, ಚೆನ್ನೈ ಕಡೆಯ ಓದುಗರಿಗಂತೂ ವರ್ಷದ ಬಹುಪಾಲು ಇದೇ ಹವೆ.

ಹಾಗಾಗಿ ಸುಟ್ಟ ವಾಸನೆ ಬಂದರೆ, ನೀರು ಸೋರುತ್ತಿದ್ದರೆ ಮಾತ್ರ ಆರಿಸಿ, ಆಗಲೂ ಏರ್ ಪಂಪ್ ಹಚ್ಚಿಡಿ. ಕರೆಂಟು ಹೋಗಿ ನಾಲ್ಕೈದು ತಾಸು ನಿಂತಿದ್ದರೆ ಡಬ್ಬದೊಳಗಿನ ನೀರನ್ನು ಚೆಲ್ಲಿ, ತೊಟ್ಟಿಯ ನೀರನ್ನೇ ತುಂಬಿ, ನಂತರ ಚಾಲೂ ಮಾಡಿ. ಮಿಕ್ಕಂತೆ ಸದ್ದಿನ ಮೂಲ ಹುಡುಕುವುದೇ ದಾರಿ. ಅದಕ್ಕೆ ಕಿವಿ ಬೇಕು, ಅವಸರ ಬೇಡ.

ಮೊದಲು, ಎಷ್ಟು ಸದ್ದು ಸಹಜ? ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಆವರ್ತ. ಒಂದೊಂದು ಆವರ್ತದಲ್ಲೂ ಸುರುಳಿ ಎರಡು ಸಲ ಕಬ್ಬಿಣವನ್ನು ಜಗ್ಗುತ್ತದೆ, ಒಟ್ಟು 100 ಕಂಪನ. ಸಂಗೀತ ಬಲ್ಲವರಿಗೆ ಹೇಳುವುದಾದರೆ, ಬಿಳಿ ಒಂದಕ್ಕೆ ಶ್ರುತಿ ಮಾಡಿದ ಗಂಡು ತಂಬೂರಿಯ ಪಂಚಮದ ತಂತಿ ಮಿಡಿಯುವುದು 98ರ ಆಸುಪಾಸು. ಸರಿಯಿರುವ ಫಿಲ್ಟರು ಆ ತಂತಿಯನ್ನು ಪಕ್ಕದ ಕೋಣೆಯಲ್ಲಿ ಯಾರೋ ಮೆಲ್ಲಗೆ ಮೀಟಿದಂತೆ ಗುಂಯ್ಗುಡುತ್ತದೆ. ಏರಿಳಿತ ಇಲ್ಲದ, ಹದವಾದ ಗುಂಯ್. ಅದನ್ನು ನಿಲ್ಲಿಸಲು ಹೋಗಬೇಡಿ. ಅದರ ಮೇಲೆ ಕೇಳಿಸುವ ಗರಗರ, ಟಕಟಕ, ಕಿರ್‌ಕಿರ್ ಯಾವುದು ಎನ್ನುವುದಷ್ಟೇ ಪ್ರಶ್ನೆ.

ಮೂಲ ಹಿಡಿಯಲು ನಾನು ಬಳಸುವ ಉಪಾಯ ಇತವಾರಿಯ ಒಬ್ಬ ಮೋಟರ್ ವೈಂಡಿಂಗ್ ಕಾಕಾ ಕಲಿಸಿದ್ದು. ಅವರು ಕೂಲರ್ ಪಂಪುಗಳನ್ನು ನೋಡಿ ನೋಡಿ ಮುದುಕರಾದವರು. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಮೈಗೆ ಒತ್ತಿ, ಪ್ಲಾಸ್ಟಿಕ್ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಇಡುವುದು, ಡಾಕ್ಟರರ ಸ್ಟೆತಸ್ಕೋಪಿನಂತೆ. ಮುಚ್ಚಳದ ನಡುವೆ, ಡಬ್ಬದ ಮೈಗೆ, ಪೈಪಿಗೆ, ಕಪಾಟಿನ ಹಲಗೆಗೆ ಒಂದೊಂದಾಗಿ ಇಟ್ಟು ಕೇಳಿದರೆ ಸದ್ದು ಎಲ್ಲಿ ಹುಟ್ಟುತ್ತದೆ, ಎಲ್ಲಿ ಬರೀ ಹಾದುಹೋಗುತ್ತದೆ ಎಂಬುದು ಗೊತ್ತಾಗುತ್ತದೆ. "ಭಾವೂ, ಪಹಿಲೆ ಸುನೋ, ಫಿರ್ ಖೋಲೋ" ಎಂಬುದು ಅವರ ಮಂತ್ರ. ಇಲ್ಲಿನ ಹಿಂದಿ ಹೀಗೇ, ಅರ್ಧ ಮರಾಠಿ.

ಅದಕ್ಕೂ ಮೊದಲು ಇನ್ನೂ ಸುಲಭದ ಪರೀಕ್ಷೆ ಒಂದಿದೆ. ಎರಡೂ ಕೈಯಿಂದ ಡಬ್ಬವನ್ನು ಒಂದು ಇಂಚು ಎತ್ತಿ ಹಿಡಿಯಿರಿ. ಸದ್ದು ಅರ್ಧಕ್ಕರ್ಧ ಇಳಿದರೆ ದೋಷ ಫಿಲ್ಟರಿನದಲ್ಲ, ಕಪಾಟಿನದು. ಪ್ಲೈವುಡ್ಡಿನ ಖಾಲಿ ಕಪಾಟು ಎಂದರೆ ತಬಲಾದ ಡಗ್ಗ ಇದ್ದಂತೆ. ಡಬ್ಬದ ಒಂದು ಮೂಲೆ ತಾಗಿದರೂ ಸಾಕು, ಅದು ಬಾರಿಸುತ್ತಲೇ ಇರುತ್ತದೆ. ಹಳೇ ಯೋಗಾ ಮ್ಯಾಟಿನ ತುಂಡೊಂದನ್ನು ಎರಡು ಮಡಿಕೆ ಮಾಡಿ ಕೆಳಗೆ ಹಾಕಿ, ಪೈಪು ಹಲಗೆಗೆ ತಾಗದಂತೆ ಸರಿಸಿದರೆ ಕೆಲಸ ಮುಗಿಯಿತು. ನಾನು ನೋಡಿದ ಮನೆಗಳಲ್ಲಿ ಮೂರರಲ್ಲಿ ಒಂದು ಇಷ್ಟಕ್ಕೇ ಸರಿಹೋಗಿದೆ. ಹೊಸ ಫಿಲ್ಟರಿಗೆ ಆರ್ಡರ್ ಹಾಕಿ ಕೂತವರೂ ಅವರಲ್ಲಿದ್ದರು.

2024ರ ಮೇ ಕೊನೆಯಲ್ಲಿ ನಾಗಪುರದ ಒಂದು ಸ್ವಯಂಚಾಲಿತ ಹವಾಮಾನ ಕೇಂದ್ರ 56 ಡಿಗ್ರಿ ತೋರಿಸಿ ದೇಶವೆಲ್ಲ ಗುಲ್ಲೆದ್ದಿತ್ತಲ್ಲ? ಊರಿಂದ ನಮಗೆಲ್ಲ ಗಾಬರಿಯ ಫೋನುಗಳು ಬಂದವು. ಆಮೇಲೆ ಸೆನ್ಸರೇ ಸರಿಯಿರಲಿಲ್ಲ ಎಂದು ಹವಾಮಾನ ಇಲಾಖೆ ಹೇಳಿತು. ಒಂದೇ ಕಡೆ ನೋಡಿ ತೀರ್ಮಾನ ಮಾಡಬಾರದು ಎನ್ನಲು ನನಗೆ ಈ ಉದಾಹರಣೆ ಬಹಳ ಉಪಯೋಗಕ್ಕೆ ಬಿದ್ದಿದೆ.

ಇನ್ನು ಗಾಳಿ. ಫಿಲ್ಟರಿನ ಸದ್ದುಗಳಲ್ಲಿ ಇದೇ ದೊರೆ. ನಮ್ಮ ಅವ್ವ ಹೋದ ವರ್ಷ ಧಾರವಾಡದಿಂದ ಬಂದು ಎರಡು ತಿಂಗಳು ಇದ್ದಳು. ಒಂದು ರಾತ್ರಿ ನೀರು ಕುಡಿಯಲು ಎದ್ದವಳು ಹಾಲ್‌ನಲ್ಲಿ ನಿಂತು, "ಯಾಕೋ ತಮ್ಮಾ, ಕಾಳು ಹಾಕದ ಗಿರಣಿ ತಿರಗಿಧಂಗ ಆಗ್ಲಿಕ್ಹತ್ತದಲ್ಲೋ" ಎಂದಳು. ಇದಕ್ಕಿಂತ ಸರಿಯಾದ ವರ್ಣನೆಯನ್ನು ನಾನು ಯಾವ ಕಂಪನಿಯ ಪುಸ್ತಿಕೆಯಲ್ಲೂ ಓದಿಲ್ಲ. ಹಿಟ್ಟಿನ ಗಿರಣಿಯಲ್ಲಿ ಜೋಳ ತೀರಿದಾಗ ಕಲ್ಲು ಕಲ್ಲಿಗೆ ತಾಗಿ ಸದ್ದು ಬದಲಾಗುತ್ತದೆ. ಪಂಪಿನ ಚಕ್ರಕ್ಕೂ ನೀರೇ ಕಾಳು. ನಡುವೆ ಗಾಳಿಯ ಗುಳ್ಳೆ ಬಂದರೆ ಒಂದು ಕ್ಷಣ ಭಾರ ತಪ್ಪಿ, ಮರುಕ್ಷಣ ಭಾರ ಬಿದ್ದು, ಚಕ್ರ ಅದುರುತ್ತದೆ. ಔಟ್‌ಲೆಟ್ ಪೈಪಿನಲ್ಲಿ ಆಗಾಗ ಸಣ್ಣ ಗುಳ್ಳೆಗಳು ಉಗುಳಿದಂತೆ ಬರುತ್ತಿದ್ದರೆ ಅನುಮಾನವೇ ಬೇಡ.

ತೊಳೆದು ಜೋಡಿಸಿದ ದಿನ ಈ ಗರಗರ ಇದ್ದರೆ ಚಿಂತೆ ಇಲ್ಲ. ಸ್ಪಂಜಿನ ಸಂದಿಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಪಂಪು ಓಡುತ್ತಿರುವಾಗಲೇ ಡಬ್ಬವನ್ನು ತೊಟ್ಟಿಲು ತೂಗಿದಂತೆ ಅತ್ತಿತ್ತ ವಾಲಿಸಿ. ದೊಡ್ಡ ಗುಳ್ಳೆಗಳು ಹೊರಡುತ್ತವೆ, ಉಳಿದದ್ದು ಒಂದು ದಿನದಲ್ಲಿ ತಾನೇ ಹೋಗುತ್ತದೆ. ಎರಡನೇ ದಿನವೂ ಉಳಿದರೆ ಎಲ್ಲಿಂದಲೋ ಗಾಳಿ ಒಳಗೆ ಬರುತ್ತಿದೆ ಎಂದರ್ಥ.

ನಾಗಪುರದಲ್ಲಿ ಮೊದಲು ನೋಡಬೇಕಾದ್ದು ನೀರಿನ ಮಟ್ಟ. ಮೇ ತಿಂಗಳಲ್ಲಿ ನನ್ನ ಮೂರಡಿ ತೊಟ್ಟಿಯ ನೀರು ದಿನಕ್ಕೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಇಳಿಯುತ್ತದೆ. 90 ಸೆಂಟಿಮೀಟರ್ ಉದ್ದ, 45 ಅಗಲ ಎಂದರೆ ದಿನಕ್ಕೆ ನಾಲ್ಕು ಲೀಟರು. ವಾರ ಊರಿಗೆ ಹೋಗಿ ಸಂಘಮಿತ್ರಾ ರೈಲಿನಲ್ಲಿ ವಾಪಸು ಬರುವಷ್ಟರಲ್ಲಿ ನೀರು ಏಳು ಸೆಂಟಿಮೀಟರ್ ಕೆಳಗೆ. ಇನ್‌ಲೆಟ್ ಪೈಪಿನ ಜಾಲರಿ ಮೇಲ್ಮೈಗೆ ಹತ್ತಿರ ಇದ್ದರೆ ಅದು ಸುಳಿ ಮಾಡಿ ಗಾಳಿ ಎಳೆಯುತ್ತದೆ. ಏರ್ ಸ್ಟೋನನ್ನು ಜಾಲರಿಯ ಪಕ್ಕದಲ್ಲೇ ಇಟ್ಟಿದ್ದರೂ ಅಷ್ಟೇ, ಗುಳ್ಳೆಗಳೆಲ್ಲ ನೇರ ಫಿಲ್ಟರಿಗೆ. ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಇಟ್ಟರೆ ಮುಗಿಯಿತು.

ಇದೆರಡೂ ಅಲ್ಲವಾದರೆ ಪೈಪಿನ ಜೋಡಣೆ ನೋಡಿ. ಇಲ್ಲೊಂದು ಸೂಕ್ಷ್ಮ ಇದೆ. ಡಬ್ಬದ ಬಳಿ ಎಲ್ಲಾದರೂ ಸೀಳಿದ್ದರೆ ಸಾಮಾನ್ಯವಾಗಿ ನೀರು ಹೊರಗೆ ಹನಿಯುತ್ತದೆ, ಕಣ್ಣಿಗೆ ಕಾಣುತ್ತದೆ. ಆದರೆ ಇನ್‌ಲೆಟ್ ಪೈಪು ತೊಟ್ಟಿಯ ಅಂಚು ದಾಟಿ ಬಾಗುವ ಜಾಗ ನೀರಿನ ಮಟ್ಟಕ್ಕಿಂತ ಮೇಲಿದೆ. ಅಲ್ಲಿ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಆ ಜೋಡಣೆ ಸಡಿಲವಿದ್ದರೆ ಒಂದು ಹನಿಯೂ ಹೊರಬರುವುದಿಲ್ಲ, ಗಾಳಿ ಒಳಗೆ ಹೋಗುತ್ತಲೇ ಇರುತ್ತದೆ. "ಎಲ್ಲೂ ಲೀಕ್ ಇಲ್ಲರೀ, ಕೆಳಗೆ ಒಣಗೇ ಐತಿ" ಎಂದು ಪ್ರಮಾಣ ಮಾಡುವವರ ಮನೆಯಲ್ಲಿ ಕಳ್ಳ ಕೂತಿರುವುದು ಇಲ್ಲೇ. ಒದ್ದೆ ಬಟ್ಟೆಯನ್ನು ಆ ಬಾಗಿನ ಜೋಡಣೆಗೆ ಸುತ್ತಿ ಐದು ನಿಮಿಷ ಕಾಯಿರಿ. ಗರಗರ ತಗ್ಗಿದರೆ ಸಿಕ್ಕಿಬಿದ್ದ. ಬಿಸಿಗೆ ಗಟ್ಟಿಯಾದ ಪೈಪಿನ ತುದಿಯನ್ನು ಅರ್ಧ ಇಂಚು ಕತ್ತರಿಸಿ ಮತ್ತೆ ತೊಡಿಸಿದರೆ ಸಾಕಾಗುತ್ತದೆ. ಮುಚ್ಚಳದ ಓ-ರಿಂಗ್ ಒಣಗಿದ್ದರೆ ಸಿಲಿಕೋನ್ ಗ್ರೀಸ್ ಸವರಿ. ಮನೆಯಲ್ಲಿದೆ ಎಂದು ವ್ಯಾಸಲೀನ್ ಹಚ್ಚಬೇಡಿ, ಕೆಲವು ಬಗೆಯ ರಬ್ಬರ್ ಅದರಿಂದ ಉಬ್ಬಿ ಹಾಳಾಗುತ್ತದೆ.

ಸ್ಪಂಜು ಕಟ್ಟಿಕೊಂಡಾಗಲೂ ಪಂಪು ನೀರಿಲ್ಲದೆ ಏದುಸಿರು ಬಿಡುತ್ತದೆ. ಔಟ್‌ಲೆಟ್ಟಿನ ಧಾರೆ ಸಣ್ಣಗಾಗಿದ್ದರೆ ಇದೇ ಕಾರಣ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಪೇಂಚ್‌ನ ನೀರು ಕ್ಲೋರಿನ್ ಹಾಕಿಸಿಕೊಂಡೇ ನಮ್ಮ ನಲ್ಲಿಗೆ ಬರುವುದು, ಅದು ಬ್ಯಾಕ್ಟೀರಿಯಾಗಳಿಗೆ ವಿಷ.

ಕೊನೆಗೆ ಟಕಟಕ. ಇದು ಚಕ್ರದ್ದು, ಅಂದರೆ ಇಂಪೆಲ್ಲರಿನದು. ಫಿಲ್ಟರಿನ ಪಂಪು, ಕೂಲರಿನ ಪುಟ್ಟ ಪಂಪು ಎರಡೂ ಒಂದೇ ಜಾತಿ. ಸುರುಳಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಕೊಂಡು ಒಂದು ಕಡೆ, ಅಯಸ್ಕಾಂತದ ಉರುಳೆ ನೀರಿನಲ್ಲಿ ಇನ್ನೊಂದು ಕಡೆ. ಉರುಳೆ ತೆಳ್ಳನೆಯ ಸಿರಾಮಿಕ್ ಶಾಫ್ಟಿನ ಮೇಲೆ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಶಾಫ್ಟಿನ ಎರಡೂ ತುದಿಗೆ ಕಡಲೆಕಾಳಿನಷ್ಟು ರಬ್ಬರ್ ಬುಷ್. ಇದನ್ನು ತಿಳಿದ ಮೇಲೆ ಊರಿನ ಯಾವ ಕೂಲರ್ ಮಿಸ್ತ್ರಿಯನ್ನು ಕೇಳಿದರೂ ಅರ್ಧ ಉತ್ತರ ಸಿಗುತ್ತದೆ.

ಬಿಚ್ಚುವ ಮುನ್ನ ಪ್ಲಗ್ ಕೀಳಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ವಾಲ್ವುಗಳನ್ನು ಮುಚ್ಚಿ, ಮುಚ್ಚಳ ತೆಗೆದು, ಇಂಪೆಲ್ಲರನ್ನು ನೇರ ಮೇಲಕ್ಕೆ ಎಳೆಯಿರಿ. ಓರೆ ಎಳೆದರೆ ಶಾಫ್ಟ್ ಬಳೆಯಂತೆ ಪಟ್ಟನೆ ಮುರಿಯುತ್ತದೆ. ಒಳಗೆ ಏನು ಸಿಗುತ್ತದೆ ಎಂದು ಹೇಳಲಾಗದು. ಮರಳಿನ ಕಣ, ಗಿಡದ ಬೇರು, ಒಮ್ಮೆಯಂತೂ ಜೀವಂತ ಬಸವನಹುಳು. ಧರಂಪೇಠದ ಒಂದು ಮನೆಯಲ್ಲಿ ವಾರವಿಡೀ ಟಿಕ್ ಟಿಕ್ ಎನ್ನುತ್ತಿದ್ದದ್ದು ಅದರ ಚಿಪ್ಪು.

ನಮ್ಮ ಕಡೆ ಹೆಚ್ಚು ಸಿಗುವುದು ಸುಣ್ಣ. ನೀರು ಆವಿಯಾಗುತ್ತದೆ, ಅದರಲ್ಲಿದ್ದ ಲವಣ ಆವಿಯಾಗುವುದಿಲ್ಲ. ಮತ್ತೆ ನೀರು ಸುರಿಯುತ್ತೇವೆ, ಮತ್ತೆ ಲವಣ. ಬೇಸಾ, ಬೆಲ್ತರೋಡಿ ಕಡೆ ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಇನ್ನೂ ಬೇಗ. ಕೂಲರಿನ ತಟ್ಟಿಗೆ ಕಟ್ಟುವ ಬಿಳಿ ಪೊರೆಯೇ ಉರುಳೆಯ ಮೇಲೂ, ಅದು ಕೂರುವ ಕುಳಿಯಲ್ಲೂ ಕಟ್ಟುತ್ತದೆ. ಸಂದು ಕಿರಿದಾಗಿ ಉರುಳೆ ಉಜ್ಜತೊಡಗುತ್ತದೆ. ಇಂಪೆಲ್ಲರನ್ನು ಅರ್ಧ ತಾಸು ಬಿಳಿ ವಿನೆಗರಿನಲ್ಲೋ ನಿಂಬೆರಸದಲ್ಲೋ ನೆನೆಸಿ, ಹಳೇ ಟೂತ್‌ಬ್ರಶ್ಶಿನಿಂದ ತಿಕ್ಕಿ, ಚೆನ್ನಾಗಿ ತೊಳೆಯಿರಿ. ಕುಳಿಯೊಳಗೆ ಕಿವಿಗೆ ಹಾಕುವ ಹತ್ತಿಕಡ್ಡಿ ಆಡಿಸಿ. ಸೋಪು ಮಾತ್ರ ಬೇಡ.

ಬುಷ್ ಎರಡೂ ಇವೆಯೇ ಎಣಿಸಿ. ಒಂದು ಕುಳಿಯ ತಳದಲ್ಲೇ ಅಂಟಿಕೊಂಡಿರುತ್ತದೆ, ಇಲ್ಲವೇ ತೊಳೆಯುವಾಗ ಸಿಂಕಿನಲ್ಲಿ ಹೋಗಿರುತ್ತದೆ. "ತೊಳೆದ ಮೇಲೇ ಸದ್ದು ಶುರುವಾಯ್ತು" ಎನ್ನುವ ದೂರಿನ ಹಿಂದೆ ಹಲವು ಸಲ ಈ ಕಡಲೆಕಾಳೇ ಇರುತ್ತದೆ. ಆದರೆ ಒಂದು ಮಾತು: ಎಷ್ಟೋ ಮಾದರಿಗಳಲ್ಲಿ ರೆಕ್ಕೆಯ ಭಾಗ ಅಯಸ್ಕಾಂತದ ಮೇಲೆ ಸುಮಾರು ಅರ್ಧ ಸುತ್ತು ಸಡಿಲವಾಗಿ ತಿರುಗುತ್ತದೆ. ಅದು ಸವೆತವಲ್ಲ, ಬೇಕೆಂದೇ ಬಿಟ್ಟಿರುವ ಸಡಿಲ. ಈ ಬಗೆಯ ಮೋಟರು ಭಾರ ಹೊತ್ತು ಹೊರಡಲಾರದು. ಮೊದಲು ಅಯಸ್ಕಾಂತ ಬರಿಗೈಲಿ ತಿರುಗಿ ವೇಗ ಹಿಡಿದು, ನಂತರ ರೆಕ್ಕೆಯನ್ನು ಎಳೆದುಕೊಳ್ಳುತ್ತದೆ. ಸಡಿಲವಿದೆ ಎಂದು ಫೆವಿಕ್ವಿಕ್ ಹಾಕಿ ಅಂಟಿಸಿದ ಮಹನೀಯರೊಬ್ಬರನ್ನು ಬಲ್ಲೆ. ಆ ಪಂಪು ಆಮೇಲೆ ಹೊರಡಲೇ ಇಲ್ಲ.

ಕರೆಂಟು ಹೋಗಿ ಬಂದಾಗ ವೋಲ್ಟೇಜ್ ಕಡಿಮೆ ಇದ್ದರೆ ಸರಿಯಿರುವ ಪಂಪೂ ತಿರುಗಲಾರದೆ ನಿಂತಲ್ಲೇ ನಡುಗುತ್ತ ಬುರ್ ಎನ್ನುತ್ತದೆ. ನೀರು ಬರುತ್ತಿಲ್ಲ, ಸದ್ದು ಮಾತ್ರ ಇದೆ ಎಂದರೆ ಪ್ಲಗ್ ಕಿತ್ತು, ಅರ್ಧ ನಿಮಿಷ ಬಿಟ್ಟು ಹಾಕಿ. ರಾತ್ರಿ ಕರೆಂಟು ಬಂದ ಕೂಡಲೇ ಒಮ್ಮೆ ಎದ್ದು ಔಟ್‌ಲೆಟ್ ನೋಡಿ ಮಲಗುವುದು ನನ್ನ ರೂಢಿ.

ಶಾಫ್ಟ್ ಸವೆದಿದ್ದರೆ, ಸೀಳಿದ್ದರೆ, ರಿಪೇರಿ ಇಲ್ಲ, ಬದಲಿಸಬೇಕು. ನಾನು ವಿಚಾರಿಸಿದ ಅಂಗಡಿಗಳಲ್ಲಿ ಹೊಸ ಫಿಲ್ಟರು ಸಿಗುತ್ತದೆ, ಶಾಫ್ಟ್ ಸಿಗುವುದಿಲ್ಲ. ಆನ್‌ಲೈನಿನಲ್ಲಿ ತರಿಸಿದರೆ ವಾರ ಹಿಡಿಯುತ್ತದೆ. ಫಿಲ್ಟರ್ ಕೊಳ್ಳುವಾಗಲೇ ಅದರ ಮಾದರಿಯ ಇಂಪೆಲ್ಲರ್ ಸೆಟ್ ಒಂದು, ಓ-ರಿಂಗ್ ಒಂದು ಜೊತೆಗೆ ಕೊಂಡಿಡಿ. ಮನೀಷ್ ನಗರದ ಗೆಳೆಯರ ಫಿಲ್ಟರಿಗೆ ಬೇಕಿದ್ದದ್ದೂ ಇಷ್ಟೇ, ತಳದ ಬುಷ್ ಹರಿದಿತ್ತು. ಅದು ಕೊರಿಯರ್‌ನಲ್ಲಿ ಬರುವವರೆಗೆ ಏರ್ ಪಂಪಿಗೆ ಸಣ್ಣ ಸ್ಪಂಜ್ ಫಿಲ್ಟರ್ ಹಚ್ಚಿ ತೊಟ್ಟಿ ನಡೆಸಿದೆವು. ಗುಳುಗುಳು ಸದ್ದು ಅದಕ್ಕೂ ಇತ್ತು, ಮಗು ಅದನ್ನು ಕೇಳುತ್ತಲೇ ಮಲಗಿತಂತೆ. ಅಕ್ಕ ಈಗ ಎರಡು ಹೊಸ ಏಂಜೆಲ್ ಸಾಕಿದ್ದಾಳೆ, ಶನಿವಾರ ಶನಿವಾರ ಸ್ಕ್ರೂಡ್ರೈವರ್ ಕಿವಿಗಿಟ್ಟು ಕೇಳುವುದು ಅವಳ ಕೆಲಸ.